ವೈಜಿನಾಥನ ಮೀಸೆಯ ರೇಸು

ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದಿದ್ದರೆ ವೈಜಿನಾಥನ ಮೀಸೆಗೆ ಆ ಗಂಡಾಂತರ ಬರುತ್ತಲೇ ಇರಲಿಲ್ಲ.

ಹೋಳಿಗೆ ಚೆನ್ನಾಗಿತ್ತು, ತುಪ್ಪವೂ ಧಾರಾಳವಾಗಿತ್ತು. ನಾರಾಯಣಖೇಡದಲ್ಲಿ ಹೆಂಡತಿಯ ತವರಿನ ಕಡೆಯ ನಿಶ್ಚಿತಾರ್ಥದ ಊಟ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವನು ಹೆಂಡತಿಯ ತಮ್ಮ ಅನಿಲಕುಮಾರ. ಅವನು ಹೊಸ ಕಂಪ್ಯೂಟರ್ ತಂದಿದ್ದ. ಅದರೊಳಗೆ ಬೇರೆಯೇ ಒಂದು ಗ್ರಾಫಿಕ್ಸ್ ಕಾರ್ಡು, ಆ ಕಾರ್ಡಿಗೆ ಅದರದೇ ಫ್ಯಾನುಗಳು, ಫ್ಯಾನುಗಳಿಗೆ ಬಣ್ಣಬಣ್ಣದ ದೀಪ. ಮೋಟಾರು ರೇಸಿನ ಆಟ ಹಚ್ಚಿದರೆ ರಸ್ತೆಯ ಮೇಲೆ ನಿಂತ ನೀರಿನಲ್ಲಿ ಮೋಡ ಕಾಣುತ್ತದಂತೆ. ಸಾರು ಬಡಿಸುವಾಗ ಶುರುವಾದ ಈ ವರ್ಣನೆ ಮೊಸರು ಬಂದರೂ ಮುಗಿಯಲಿಲ್ಲ.

“ಮಾಮಾ, ನಿಮ್ಮ ಡಬ್ಬ್ಯಾಗ ಈ ಆಟ ನಡೀತದೇನ್ರಿ?” ಎಂದು ಅನಿಲಕುಮಾರ ಕೇಳಿದ.

ನಡೆಯುತ್ತಿತ್ತು. ಅಂದರೆ ನಡೆಯುತ್ತಿತ್ತು ಅಷ್ಟೇ, ಓಡುತ್ತಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ವೈಜಿನಾಥ ಅದೇ ಆಟವನ್ನು ತನ್ನ ಅಂಗಡಿಯಲ್ಲಿ ಆಡುತ್ತಿದ್ದ. ಈ ಸತ್ಯವನ್ನು ಒಪ್ಪಿಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವುದು ಜಾಣತನ. ಆದರೆ ಪಂಕ್ತಿಯ ಕಿವಿಗಳೆಲ್ಲ ಇತ್ತ ತಿರುಗಿದ್ದವು, ಅವನು ಅಳಿಯನಾಗಿ ಬಂದ ಮನೆ ಬೇರೆ.

“ಆಟ ಡಬ್ಬ್ಯಾಗ ಇರಲ್ಲೋ ತಮ್ಮಾ, ಕೈಯಾಗ ಇರ್ತದ,” ಎಂದುಬಿಟ್ಟ.

“ಹಂಗೇನು? ಬರೋ ಐತಾರ ಆಡೇಬಿಡೋಣ್ರಿ. ನೀವು ನಿಮ್ಮ ಮನ್ಯಾಗ, ನಾ ನಮ್ಮ ಮನ್ಯಾಗ. ಪಣ ಏನು ಹೇಳ್ರಿ?”

ಒಂದು ಕಪ್ ಚಹಾ ಎಂದಿದ್ದರೆ ಮುಗಿದುಹೋಗುತ್ತಿತ್ತು. ಬಲಗೈ ಹೋಳಿಗೆಯಲ್ಲಿತ್ತು, ಎಡಗೈ ತಾನೇ ಎದ್ದು ಮೀಸೆಯ ಮೇಲೆ ಹೋಯಿತು.

“ಮೀಸಿ!” ಎಂದ ವೈಜಿನಾಥ. “ಸೋತವ ಮೀಸಿ ಬೋಳಸಬೇಕು.”

ಪಂಕ್ತಿಯಲ್ಲಿದ್ದ ಹಿರಿಯರು ಸಾಕ್ಷಿಯಾದರು. ಹಿರಿಯರಿಗೆ ಇಂಥದ್ದಕ್ಕೆ ಯಾವಾಗಲೂ ಪುರುಸೊತ್ತು ಇರುತ್ತದೆ.

ಈಗ ಆ ಎರಡು ಮೀಸೆಗಳನ್ನು ಸ್ವಲ್ಪ ನೋಡಬೇಕು. ಅನಿಲಕುಮಾರನದು ಮೂಗಿನ ಕೆಳಗೆ ಯಾರೋ ಪೆನ್ಸಿಲಿನಿಂದ ಗೆರೆ ಎಳೆಯಲು ಹೋಗಿ ಬೇಸರ ಬಂದು ಬಿಟ್ಟ ಹಾಗಿತ್ತು. ಹೋದರೆ ಅವನ ತಾಯಿಗೂ ಗೊತ್ತಾಗುತ್ತಿರಲಿಲ್ಲ. ವೈಜಿನಾಥನದು ಹಾಗಲ್ಲ. ಜಹೀರಾಬಾದಿನಲ್ಲಿ ಅವನ ಲಗ್ನಪತ್ರಿಕೆಯ ಅಂಗಡಿಗೆ ಒಂದು ಹೆಸರಿದೆ, ದೊಡ್ಡ ಬೋರ್ಡೂ ಇದೆ. ಅದನ್ನು ಯಾರೂ ಓದುವುದಿಲ್ಲ. “ಮೀಸಿ ಅಂಗಡಿಗೆ ಹೋಗ್ರಿ, ಕನ್ನಡ, ತೆಲುಗು, ಮರಾಠಿ, ಉರ್ದು ಯಾವುದು ಬೇಕೋ ಅದರಾಗ ಕಾರ್ಡ್ ಮಾಡಿಕೊಡ್ತಾನ,” ಎನ್ನುತ್ತಾರೆ ಜನ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಆಟೋದವನಿಗೆ ಮೂಗಿನ ಕೆಳಗೆ ಬೆರಳು ತಿರುವಿ ತೋರಿಸಿದರೆ ಸಾಕು, ಅವನು ತಂದು ಇಲ್ಲೇ ಇಳಿಸುತ್ತಾನೆ. ಆ ಮೀಸೆ ಹೋದರೆ ವೈಜಿನಾಥನ ಮರ್ಯಾದೆಯ ಜೊತೆ ವಿಳಾಸವೂ ಹೋಗುತ್ತಿತ್ತು.

ಇನ್ನು ಆ ಡಬ್ಬಿ, ಅಂದರೆ ವೈಜಿನಾಥನ ಕಂಪ್ಯೂಟರು. ಅದನ್ನು ಕೊಡಿಸಿದವನು ಕಂಪ್ಯೂಟರ್ ರಿಪೇರಿಯ ದಶರಥ. ಕೊಡುವಾಗಲೇ ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ.

“ಅಣ್ಣಾ, ಇದರಾಗ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಕೂಡ್ಯಾದ. ಕೂಡು ಮನಿ ಇದ್ದಂಗ ತಿಳಕೊಳ್ರಿ. ಪ್ರೊಸೆಸರ್ ಅಣ್ಣ, ಗ್ರಾಫಿಕ್ಸ್ ತಮ್ಮ. ತಮ್ಮಗ ಬ್ಯಾರೆ ಒಲಿ ಇಲ್ಲ, ಅಣ್ಣನ ಗಂಗಾಳದಾಗೇ ಕೈ ಹಾಕಿ ಉಣ್ಣಬೇಕು. ಒಬ್ಬಗ ಜ್ವರ ಬಂದ್ರ ಇಬ್ಬರೂ ಮಲಗ್ತಾರ. ಲಗ್ನದ ಕಾರ್ಡ್ ಮಾಡಾಕ ಭೇಷ್ ಅದ. ಆಟ ಮಾತ್ರ ಆಡಬ್ಯಾಡ್ರಿ.”

“ನಾ ಯಾಕ ಆಟ ಆಡ್ತೀನೋ, ನನಗೇನು ಹುಚ್ಚೇನು?” ಎಂದಿದ್ದ ವೈಜಿನಾಥ. ಇದು ಎರಡು ಮಳೆಗಾಲದ ಹಿಂದಿನ ಮಾತು.

ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ರೇಸು. ವೈಜಿನಾಥ ಬೆಳಿಗ್ಗೆ ಎದ್ದವನೇ ಮುಖ ತೊಳೆದು, ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಮನೆಯ ಮುಂಭಾಗದ ಅಂಗಡಿಗೆ ಬಂದು ಡಬ್ಬಿ ಶುರು ಮಾಡಲು ಹೋದ.

“ತಡಿಯೋ, ಪೂಜಿ ಆಗಲಿ,” ಎಂದಳು ಅವನ ತಾಯಿ ಈಶಮ್ಮ.

ಈಶಮ್ಮನ ಪೂಜೆಯ ಕ್ರಮ ತಪ್ಪುವುದಿಲ್ಲ. ಮೊದಲು ದೇವರು, ಆಮೇಲೆ ಹೊಸ್ತಿಲು, ಆಮೇಲೆ ಮನೆಗೆ ಅನ್ನ ಕೊಡುವ ಡಬ್ಬಿ. ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಡಬ್ಬಿಯ ಎದುರಿಗೆ, ಸಣ್ಣ ಸಣ್ಣ ತೂತಿರುವ ಜಾಗದಲ್ಲಿ, ಅಡ್ಡಕ್ಕೆ ಮೂರು ಪಟ್ಟೆ ಎಳೆಯುತ್ತಾಳೆ. ಬೇರೆ ಕಡೆ ನುಣ್ಣಗಿದೆ, ವಿಭೂತಿ ನಿಲ್ಲುವುದಿಲ್ಲ ಎಂಬುದು ಅವಳ ಅನುಭವ. ಡಬ್ಬಿ ಮನೆಗೆ ಬಂದ ದಿನದಿಂದ ಇದು ನಡೆದುಬಂದಿತ್ತು.

“ಇವತ್ತ ಏನೋ ಪಂದ್ಯ ಅದ ಅಂತಲ್ಲ, ಜರಾ ಹೆಚ್ಚೇ ಹಚ್ಚೀನಿ,” ಎಂದು ಅವಳು ಒಳಗೆ ಹೋದಳು. ಪಂದ್ಯ ಇರುವುದು ಅವಳಿಗೆ ಗೊತ್ತಿತ್ತು. ಪಣ ಏನೆಂದು ಮಾತ್ರ ವೈಜಿನಾಥ ಹೇಳಿರಲಿಲ್ಲ. ನಲವತ್ತು ದಾಟಿದ ಮಗ ಮಕ್ಕಳ ಆಟಕ್ಕೆ ಮೀಸೆ ಕಟ್ಟಿದ್ದಾನೆ ಎಂದು ಯಾವ ಬಾಯಿಂದ ಹೇಳುವುದು?

ಹೆಂಡತಿ ತಾರಾಬಾಯಿಗೆ ಎಲ್ಲ ಗೊತ್ತಿತ್ತು. ಅವಳು ಸಂತೆಯಿಂದ ಕೊತ್ತಂಬರಿ, ಮೆಣಸಿನಕಾಯಿ ತಂದು ಚೀಲ ಇಳಿಸಿದಳು. ಮೇಲೆಯೇ ಒಂದು ಸಣ್ಣ ಪೊಟ್ಟಣ ಇತ್ತು.

“ಅದೇನು?” ಎಂದು ಕೇಳಿದ ವೈಜಿನಾಥ.

“ಬ್ಲೇಡ್ರಿ. ಸಂಜಿಗಿ ಬೇಕಾಗ್ತದಲ್ಲ, ಆಗ ಎಲ್ಲಿ ಹುಡುಕೋದು?”

“ನೀ ನನ್ನ ಹೆಂಡತಿಯೋ, ಅವನ ಅಕ್ಕನೋ?”

“ಎರಡೂ ಹೌದಲ್ರಿ,” ಎಂದು ಅವಳು ನಗುತ್ತ ಕೊತ್ತಂಬರಿ ಸೋಸತೊಡಗಿದಳು. ಹನ್ನೆರಡಾಣೆ ಸಿಟ್ಟು ಬಂತು ಅವನಿಗೆ. ಉಳಿದ ನಾಲ್ಕಾಣೆಯನ್ನು ರೇಸಿಗೆ ಇಟ್ಟುಕೊಂಡು ಡಬ್ಬಿಯ ಮುಂದೆ ಕೂತ.

ಆಟ ಶುರುವಾಯಿತು. ಇದು ಬೆಟ್ಟದ ಮೇಲಿಂದ ಘಾಟಿನ ರಸ್ತೆಯಲ್ಲಿ ಕೆಳಗಿಳಿಯುವ ರೇಸು. ತೆರೆಯ ಮೂಲೆಯಲ್ಲಿ ಒಂದು ಅಂಕಿ ಕಾಣುತ್ತದೆ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂದು. ಅರವತ್ತಿದ್ದರೆ ಗಾಡಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಗುತ್ತದೆ. ವೈಜಿನಾಥನ ಡಬ್ಬಿಯಲ್ಲಿ ಹನ್ನೊಂದಿತ್ತು. ಗಾಡಿ ಇಲ್ಲಿ ಕಾಣಿಸಿ, ಮಾಯವಾಗಿ, ಮುಂದೆಲ್ಲೋ ಮರದ ಮೇಲೆ ಕಾಣಿಸುತ್ತಿತ್ತು. ಬಲಕ್ಕೆ ತಿರುಗಿಸಿದರೆ ಅದು ವಿಚಾರ ಮಾಡಿ, ಒಪ್ಪಿಕೊಂಡು, ತಿರುಗುವಷ್ಟರಲ್ಲಿ ಕಂದಕಕ್ಕೆ ಬಿದ್ದಿರುತ್ತಿತ್ತು.

ಅಷ್ಟರಲ್ಲಿ ಜೈಪಾಲಣ್ಣ ಬಂದ. ಪಕ್ಕದಲ್ಲಿ ನೆಲಕ್ಕೆ ಹಾಸುವ ತಾಂಡೂರು ಕಲ್ಲಿನ ಫರಸಿ ಮಾರುವ ವ್ಯಾಪಾರಿ ಅವನು. ಭಾನುವಾರ ಬೆಳಿಗ್ಗೆ ವೈಜಿನಾಥನ ಮನೆಯ ಪೇಪರು, ವೈಜಿನಾಥನ ಮನೆಯ ಚಹಾ ಎರಡೂ ಅವನವು. ನಮ್ಮೂರಿನಲ್ಲಿ ಸಲಹೆ ಕೊಡುವುದಕ್ಕೆ ವಿಷಯ ಗೊತ್ತಿರಬೇಕೆಂಬ ಕಟ್ಟುಪಾಡಿಲ್ಲ. ಜೈಪಾಲಣ್ಣ ಚಷ್ಮಾ ಏರಿಸಿ ತೆರೆ ನೋಡಿದ.

“ಗಿಡ ಭಾಳ ಆಗ್ಯಾವಲ್ಲೋ ವೈಜಿನಾಥ. ಗಾಡಿಗಿ ಅಡ್ಡ ಬರ್ಲಕತ್ತಾವ. ಕಡೀಬಾರದೇನು?”

ವೈಜಿನಾಥ ನಗಲು ಹೋಗಿ ನಿಂತ. ಮಾತು ಖರೇ ಇತ್ತು! ಒಂದೊಂದು ಎಲೆಯನ್ನೂ ಆ ಬಡ ತಮ್ಮ, ಅಣ್ಣನ ಗಂಗಾಳದಲ್ಲಿ ಕೈ ಹಾಕಿ ಬರೆಯಬೇಕಲ್ಲ. ಅವನು ಆಟದ ಸೆಟ್ಟಿಂಗ್ ತೆರೆದು ಮೊದಲು ಮರಗಳ ನೆರಳು ತೆಗೆದ. ಆಮೇಲೆ ಮರ ತೆಗೆದ. ಹುಲ್ಲು, ನೀರು, ಮೋಡ, ಮಳೆ, ಮಂಜು, ರಸ್ತೆ ಬದಿಯ ಜನ, ಎಲ್ಲವನ್ನೂ ಒಂದೊಂದಾಗಿ ಆರಿಸಿದ. ಗೆದ್ದಾಗ ಸುರಿಯುವ ಹೂಮಳೆಯೂ ಒಂದು ಇತ್ತು. ಮೊದಲು ಗೆಲ್ಲಬೇಕಲ್ಲ ಎಂದು ಅದನ್ನೂ ತೆಗೆದುಹಾಕಿದ. ಕೊನೆಗೆ ಉಳಿದದ್ದು ಬೂದು ಬಣ್ಣದ ಒಂದು ರಸ್ತೆ, ಅದರ ಮೇಲೆ ಸಾಬೂನಿನ ಡಬ್ಬಿಯಂಥ ಒಂದು ಕಾರು.

ಹೊಸ್ತಿಲಲ್ಲಿ ಯಾರೋ ಕೆಮ್ಮಿದರು. ನ್ಯಾಲ್ಕಲ್ ಕಡೆಯ ಹಳ್ಳಿಯ ಬೀರಣ್ಣ. ಕುರಿ ಸಾಕುವ ಮನುಷ್ಯ. ಮಗಳ ಲಗ್ನದ ಕಾರ್ಡು ನೋಡಿ ಹೋಗಲು ಜೀಪಿನಲ್ಲಿ ಬಂದಿದ್ದ. ತೆರೆಯ ಮೇಲೆ ಕಣ್ಣು ಬಿದ್ದದ್ದೇ ಅವನ ಮುಖ ಅರಳಿತು.

“ಅಬಾಬಾ! ಇದು ನಮ್ಮೂರ ರೋಡ್ ಅಲ್ಲೇನ್ರಿ? ಇದರಾಗ ಹ್ಯಾಂಗ ಬಂತು?”

“ಅಲ್ಲೋ ಬೀರಣ್ಣ, ಇದು ಪರದೇಶದ ಘಾಟು,” ಎಂದ ವೈಜಿನಾಥ.

“ಯಾಕ ಸುಳ್ಳ ಹೇಳ್ತೀರಿ? ಒಂದು ಗಿಡ ಇಲ್ಲ, ನೆಳ್ಳ ಇಲ್ಲ, ನಮ್ಮೂರ ರೋಡೇ ಇದು,” ಎಂದು ಬೀರಣ್ಣ ರುಮಾಲು ಬಿಚ್ಚಿ ಅಲ್ಲೇ ಕೂತ. ಕಾರ್ಡಿನ ನೆನಪು ಅವನಿಗೂ ಹೋಯಿತು.

ಅಂಕಿ ಮೂವತ್ತಕ್ಕೆ ಏರಿತು. ವೈಜಿನಾಥನ ಕೈ ಮೀಸೆಗೆ ಏರಿತು. ಆದರೆ ಕಾಲು ಗಂಟೆ ಆಡುವುದರೊಳಗೆ ಅಂಕಿ ಇಪ್ಪತ್ತಾಯಿತು, ಹತ್ತಾಯಿತು, ಆರಾಯಿತು. ಡಬ್ಬಿ ಒಳಗಿನಿಂದ ಹೂಂ ಹೂಂ ಎಂದು ನರಳಿತು. ಜೈಪಾಲಣ್ಣ ಮುಟ್ಟಿ ನೋಡಿ ಕೈ ಜಾಡಿಸಿದ.

“ಹಂಚ ಆಗ್ಯಾದಲ್ಲೋ! ಇದರ ಮ್ಯಾಲ ಜ್ವಾಳದ ರೊಟ್ಟಿ ಬೇಯಿಸಬಹುದು. ತಂಪು ಬೇಕು ಇದಕ್ಕ. ತಂಪಂದ್ರ ಯಾವುದು? ತಾಂಡೂರು ಕಲ್ಲು! ಬ್ಯಾಸಗ್ಯಾಗ ಜನ ಅದರ ಮ್ಯಾಲ ಬರೇ ಬೆನ್ನಿಲೆ ಮಲಗಲ್ಲೇನು?”

ಮೀಸೆ ಅಪಾಯದಲ್ಲಿದ್ದವನು ಯಾರ ಮಾತನ್ನಾದರೂ ಕೇಳುತ್ತಾನೆ. ಜೈಪಾಲಣ್ಣನ ಅಂಗಡಿಯಿಂದ ಒಂದು ಫರಸಿ ಬಂತು. ಬಂತೆಂದರೆ ವೈಜಿನಾಥ ಒಂದು ಕಡೆ, ಬೀರಣ್ಣ ಇನ್ನೊಂದು ಕಡೆ ಹಿಡಿದು ಹೊತ್ತು ತಂದರು. ಜೈಪಾಲಣ್ಣ ಮುಂದೆ ನಡೆಯುತ್ತ “ಹುಷಾರ್, ಪಾಲಿಶ್ ಮಾಡಿದ ಮಾಲು,” ಎನ್ನುತ್ತಿದ್ದ. ಟೇಬಲ್ಲಿನ ಮೇಲೆ ಫರಸಿ ಇಟ್ಟರು. ಫರಸಿಯ ಮೇಲೆ ಡಬ್ಬಿ ಇಟ್ಟರು. ಮೂವರೂ ಹಿಂದೆ ಸರಿದು ತೃಪ್ತಿಯಿಂದ ನೋಡಿದರು.

ಆ ಟೇಬಲ್ಲು ಲಗ್ನಪತ್ರಿಕೆಗಳ ಭಾರಕ್ಕೆ ಮಾಡಿದ್ದು. ಅದರ ಒಂದು ಕಾಲು ಸದ್ದಿಲ್ಲದೆ ಒಳಕ್ಕೆ ಮಡಚಿಕೊಂಡಿತು. ವೈಜಿನಾಥ ಹಾರಿ ಡಬ್ಬಿಯನ್ನು ಎದೆಗವಚಿಕೊಂಡ, ಬೀರಣ್ಣ ತೆರೆಯನ್ನು ಕುರಿಮರಿಯಂತೆ ಹಿಡಿದ. ಫರಸಿಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಅದು ನೆಲಕ್ಕೆ ಬಿದ್ದು ಎರಡಾಯಿತು.

“ಏನಾತು? ಏನು ಬಿತ್ತು?” ಎಂದು ತಾರಾಬಾಯಿ ಒಳಗಿನಿಂದ ಕೂಗಿದಳು.

“ಏನಿಲ್ಲ, ತಂಪು ಮಾಡ್ಲಕತ್ತೀವಿ,” ಎಂದ ವೈಜಿನಾಥ, ಬಿಸಿ ಡಬ್ಬಿ ಎದೆಯ ಮೇಲೆ ಸುಡುತ್ತಿದ್ದುದನ್ನು ಸಹಿಸಿಕೊಂಡು.

ಜೈಪಾಲಣ್ಣ ಮುರಿದ ಫರಸಿಯ ಮುಂದೆ ಕೂತು ಎರಡೂ ತುಂಡು ಕೂಡಿಸಿ ನೋಡಿದ. “ಎಂಥಾ ಕಲ್ಲಿತ್ತೋ!” ಎಂದ. ಆಮೇಲೆ ಸುಧಾರಿಸಿಕೊಂಡು, “ಇರಲಿ, ಕೆಳಗೇ ಇಟ್ಟು ಆಡು. ಒಡದ್ರೂ ತಂಪು ಹೋಗಲ್ಲ ಅದರದು,” ಎಂದು ಸಮಾಧಾನ ಹೇಳಿದ.

ಹಾಗೆ ಡಬ್ಬಿ ನೆಲಕ್ಕೆ ಬಂತು, ತೆರೆ ನೆಲಕ್ಕೆ ಬಂತು, ವೈಜಿನಾಥನೂ ನೆಲಕ್ಕೆ ಬಂದ. ಕಾಲು ಮಡಚಿ ಕೂತು ಕೀಬೋರ್ಡನ್ನು ತಾಟಿನ ಹಾಗೆ ಮುಂದಿಟ್ಟುಕೊಂಡ. ಅಂಕಿ ಏಳರ ಮೇಲೆ ಹೋಗಲಿಲ್ಲ. ಊಟದ ಹೊತ್ತಾದರೂ ಅವನು ಏಳಲಿಲ್ಲ. ತಾರಾಬಾಯಿ ಮಜ್ಜಿಗೆ ತಂದುಕೊಟ್ಟಳು, ಅದು ಮೀಸೆಗೆ ಹತ್ತಿತು. ಇನ್ನು ಎಷ್ಟು ಹೊತ್ತು ಇರುತ್ತೀಯೋ ಎಂದು ವೈಜಿನಾಥ ಮೀಸೆಯನ್ನು ಮೆಲ್ಲಗೆ ಒರೆಸಿದ. ಕೊನೆಗೆ ನಾಚಿಕೆ ಬಿಟ್ಟು ದಶರಥನಿಗೆ ಫೋನ್ ಮಾಡಿದ.

ದಶರಥ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ನೆಲದ ಮೇಲೆ ಒಡೆದ ಫರಸಿ, ಅದರ ಮೇಲೆ ಡಬ್ಬಿ, ಸುತ್ತ ಮೂವರು. ಅವನು ಬಾಗಿಲಲ್ಲೇ ನಿಂತ.

“ಅಣ್ಣಾ, ಏನಿದು? ಯಾರರ ತೀರಿಕೊಂಡಾರೇನ್ರಿ?”

“ಇನ್ನೂ ಇಲ್ಲ. ನಾಕಕ್ಕ ಹೋಗೋದದ,” ಎಂದು ವೈಜಿನಾಥ ಮೀಸೆ ತೋರಿಸಿ ಎಲ್ಲ ಹೇಳಿದ. “ನೀ ಅಂದಿದ್ದಿ, ಆಟ ಆಡಬ್ಯಾಡ್ರಿ ಅಂತ. ನಾ ಕೇಳಲಿಲ್ಲ. ನಾ ಕತ್ತೆ ಅಂತ ಬರದುಕೊಡ್ತೀನಿ. ಆದ್ರ ಈಗ ಏನರ ಮಾಡು.”

ದಶರಥ ನಗು ತಡೆದುಕೊಂಡು ಡಬ್ಬಿಯ ಮಗ್ಗುಲು ಬಿಚ್ಚಿದ. ಒಳಗೆ ನೋಡಿದ. ಬ್ಯಾಟರಿ ಹಚ್ಚಿ ಮತ್ತೆ ನೋಡಿದ.

“ಅಣ್ಣಾ, ಇದರಾಗ ಒಂದು ಫ್ಯಾನ್ ಇತ್ತಲ್ರಿ, ಎಲ್ಲಿ ಹೋಗ್ಯಾದ?”

ಫ್ಯಾನ್ ಎಲ್ಲೂ ಹೋಗಿರಲಿಲ್ಲ. ಎರಡು ಮಳೆಗಾಲದ ವಿಭೂತಿ ಅದರ ಮೇಲೆ ಕೂತಿತ್ತು. ಈಶಮ್ಮ ದಿನಾ ತೂತಿನ ಮೇಲೆ ಹಚ್ಚುವುದು, ಫ್ಯಾನು ದಿನಾ ಅದನ್ನು ಭಕ್ತಿಯಿಂದ ಒಳಗೆ ಎಳೆದುಕೊಳ್ಳುವುದು. ಎಣ್ಣೆ ಪಸೆ ಹಿಡಿದು ಅದು ಗಟ್ಟಿಯಾಗಿ, ಅಣ್ಣತಮ್ಮಂದಿರ ಉಸಿರು ಕಟ್ಟಿ, ಇಬ್ಬರೂ ಜ್ವರ ಬಂದು ಮಲಗಿದ್ದರು.

ದಶರಥ ಚೀಲದಿಂದ ಗಾಳಿ ಊದುವ ಯಂತ್ರ ತೆಗೆದ. “ಹೊರಗ ಒಯ್ದು ಊದೋಣ್ರಿ,” ಎಂದು ಅವನು ಹೇಳುವಷ್ಟರಲ್ಲಿ ಜೈಪಾಲಣ್ಣ, “ಹೊತ್ತೆಲ್ಲದ? ಇಲ್ಲೇ ಊದು,” ಎಂದು ತಾನೇ ಸ್ವಿಚ್ ಒತ್ತಿದ.

ಭುಸ್ಸೆಂದು ಎದ್ದಿತು ನೋಡಿ! ಅಂಗಡಿಯಲ್ಲಿ ಏನೂ ಕಾಣದಾಯಿತು. ಸೀನು, ಕೆಮ್ಮು, “ಶಿವಾ ಶಿವಾ” ಎಂಬ ಬೀರಣ್ಣನ ದನಿ. ತಾರಾಬಾಯಿ ಚಹಾ ಹಿಡಿದು ಬಂದಾಗ ನಾಲ್ಕು ಜನ ಗಂಡಸರು ಹಣೆ, ಮೂಗು, ಹುಬ್ಬು ಎಲ್ಲ ಬೆಳ್ಳಗಾಗಿ ಕೂತಿದ್ದರು. ವೈಜಿನಾಥನ ಮೀಸೆ ಒಂದೇ ಊದಿಗೆ ಮುಪ್ಪಾಗಿತ್ತು.

“ಎಲ್ಲಾರೂ ಕೂಡೇ ಪೂಜಿ ಮುಗಿಸೀರೇನ್ರಿ? ಚಹಾ ಕೊಡ್ಲೋ, ಪಂಚಾಮೃತ ತರ್ಲೋ?” ಎಂದಳು ಅವಳು.

ಹಿಂದೆಯೇ ಈಶಮ್ಮ ಬಂದಳು. ನೆಲದ ಮೇಲೆ ಹರಡಿದ ವಿಭೂತಿ ನೋಡಿದಳು, ಬಿಚ್ಚಿಟ್ಟ ಡಬ್ಬಿ ನೋಡಿದಳು.

“ಯಾರು ತೆಗದ್ರೋ ಇದನ್ನ? ಇಷ್ಟು ದಿನ ಇದೇ ಕಾಯ್ದದ ನಿನ್ನ ಅಂಗಡಿ. ಒಂದು ದಿನ ತಪ್ಪದಂಗ ಹಚ್ಚೀನಿ. ಬಳದು ಚೆಲ್ಲೀರಲ್ಲ!”

“ಯವ್ವಾ, ಅದರಿಂದೇ ಅದಕ್ಕ ಉಸುರು ಕಟ್ಟಿತ್ತು,” ಎಂದ ವೈಜಿನಾಥ.

“ಹೌದಪ್ಪಾ, ಅವ್ವನ ಕೈಯಿಂದೇ ಉಸುರು ಕಟ್ತದ ನಿಮಗ,” ಎಂದು ಈಶಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. “ಪಂದ್ಯದ ದಿನಾನೇ ಹಿಂಗ ಮಾಡೀರಿ. ಇನ್ನ ನಿನ್ನ ಬೆನ್ನಿಗಿ ಯಾರು ನಿಲ್ತಾರ?”

ತಾಯಿಯನ್ನು ಅಳಿಸಿ ಮೀಸೆ ಉಳಿಸಿಕೊಂಡರೆ ಅದು ಎಂಥ ಮೀಸೆ? ವೈಜಿನಾಥ ಏಳಲು ನೋಡಿದ, ಕಾಲು ಜೋಮು ಹಿಡಿದಿತ್ತು. ಅಷ್ಟರಲ್ಲಿ ತಾರಾಬಾಯಿ ಅತ್ತೆಯ ಭುಜ ಹಿಡಿದಳು.

“ಅಳಬ್ಯಾಡ್ರಿ ಅತ್ತಿ. ಅವರು ಗೆಲ್ಲೋ ಹಂಗ ಮಾಡೋಣು. ಒಳಗ ಬರ್ರಿ, ಒಂದು ಮಾತು ಹೇಳ್ತೀನಿ.”

ಇಬ್ಬರೂ ದೇವರ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಈಶಮ್ಮ ಹೊರಗೆ ಇಣುಕಿದಳು. ಮುಖದಲ್ಲಿ ಅಳುವಿನ ಗುರುತೂ ಇರಲಿಲ್ಲ. ಕೈಯಲ್ಲಿ ಅರಿಸಿಣ ಹಚ್ಚಿದ ಸಣ್ಣ ಬಟ್ಟೆಯ ಗಂಟು.

“ಆಡೋ ಮಗನ, ನೀ ಗೆಲ್ತಿ. ನಾ ಎಲ್ಲಾ ವ್ಯವಸ್ಥಾ ಮಾಡೀನಿ,” ಎಂದಳು.

ಏನು ವ್ಯವಸ್ಥೆ ಎಂದು ಕೇಳಲು ಹೊತ್ತಿರಲಿಲ್ಲ. ಡಬ್ಬಿಗೆ ಮಗ್ಗುಲು ಕೂಡಿಸಿ ಶುರು ಮಾಡಿದರು. ಫ್ಯಾನು ಬಹಳ ದಿನಗಳ ನಂತರ ಹಾಯಾಗಿ ತಿರುಗಿತು. ಅಂಕಿ ಮೂವತ್ತೆರಡಕ್ಕೆ ಬಂದು ಅಲ್ಲೇ ನಿಂತಿತು.

“ಇಷ್ಟೇ ಅಣ್ಣಾ ಇದರ ತಾಕತ್ತು,” ಎಂದ ದಶರಥ. “ಗಿಡ, ಮಳಿ ಏನೂ ಹಚ್ಚಾಕ ಹೋಗಬ್ಯಾಡ್ರಿ. ಹಚ್ಚಿದ್ರ ಮತ್ತ ಮಲಗ್ತದ.”

ನಾಲ್ಕು ಹೊಡೆಯಿತು. ಫೋನಿನಲ್ಲಿ ಅನಿಲಕುಮಾರನ ದನಿ ಬಂತು, ಹಿಂದೆ ನಾರಾಯಣಖೇಡದ ಹಿರಿಯರ ಗದ್ದಲ. ಸಾಕ್ಷಿಗಳು ಊಟ ಮುಗಿಸಿ ಬಂದಿದ್ದರು.

“ಮಾಮಾ, ಮೀಸಿಗಿ ಕಡೀ ನಮಸ್ಕಾರ ಮಾಡಿಕೊಳ್ರಿ. ಶುರು ಮಾಡೋಣೇನು?”

ಶುರುವಾಯಿತು. ಅನಿಲಕುಮಾರನ ಗಾಡಿ ಬಾಣದ ಹಾಗೆ ಹೋಯಿತು. ವೈಜಿನಾಥನ ಸಾಬೂನಿನ ಡಬ್ಬಿ ಹಿಂದಿನಿಂದ ಹೊರಟಿತು. ಮೊದಲ ತಿರುವು, ಎರಡನೆಯ ತಿರುವು, ನಡುವಿನ ಅಂತರ ಬೆಳೆಯುತ್ತಲೇ ಹೋಯಿತು. ಜೈಪಾಲಣ್ಣ ಪಕ್ಕದಲ್ಲಿ ಕೂತು “ಗ್ಯಾರ್ ಹಾಕೋ, ಗ್ಯಾರ್ ಹಾಕೋ” ಎನ್ನುತ್ತಿದ್ದ. ಆ ಆಟದಲ್ಲಿ ಗೇರೇ ಇರಲಿಲ್ಲ.

“ಮಾಮಾ, ಮಳಿ ನೋಡ್ರಿ, ಏನು ಮಳಿ!” ಎಂದು ಕೂಗಿದ ಅನಿಲಕುಮಾರ. “ಗಾಡಿ ಕಾಜಿನ ಮ್ಯಾಲ ಹನಿ ಹನಿ ಕಾಣಿಸ್ತದ!”

ವೈಜಿನಾಥ ಇತ್ತ ನೋಡಿದ. ಅವನ ಘಾಟಿನಲ್ಲಿ ಖಣಖಣ ಒಣ ಹವೆ.

“ಅವನಲ್ಲಿ ಮಳಿ ಅದ ಅಂತ, ನಮ್ಮಲ್ಲಿ ಯಾಕಿಲ್ರಿ?” ಎಂದು ಬೀರಣ್ಣ ಕೇಳಿದ.

“ನಾ ಮುಂಜಾನಿ ಬಂದ್ ಮಾಡೀನಿ,” ಎಂದ ವೈಜಿನಾಥ ಹಲ್ಲು ಕಚ್ಚಿ.

“ಮಳಿ ಬಂದ್ ಮಾಡೀರಾ? ಅದಕ್ಕೇ ನೋಡ್ರಿ, ನಮ್ಮ ಕಡಿ ಹನೀನೇ ಬಿದ್ದಿಲ್ಲ!” ಎಂದ ಬೀರಣ್ಣ ಗಂಭೀರವಾಗಿ.

ಗಾಡಿಗಳು ಘಾಟಿನ ನಡು ಭಾಗಕ್ಕೆ ಬಂದವು. ಇಲ್ಲಿ ಒಂದರ ಬೆನ್ನಿಗೆ ಒಂದು ತಿರುವು, ಪಕ್ಕಕ್ಕೆ ಕಂದಕ. ಫೋನಿನಲ್ಲಿ ಅನಿಲಕುಮಾರನ ದನಿ ಬದಲಾಯಿತು.

“ಮಂಜು ಬಿತ್ರಿ ಮಾಮಾ. ಅಬ್ಬಾ, ಎಷ್ಟು ಖರೇ ಕಾಣಿಸ್ತದ. ಬೆಳ್ಳಗ, ಹೊಗಿ ಹೊಗಿ... ರೋಡ್ ಎಲ್ಲದ? ಯೇ, ರೋಡ್ ಎಲ್ಲದ ಇದರಾಗ?”

ವೈಜಿನಾಥನ ಕಣ್ಣ ಮುಂದೆ ರಸ್ತೆ ಕೊನೆಯ ತನಕ ಬಿದ್ದುಕೊಂಡಿತ್ತು. ಮರವಿಲ್ಲ, ಮಳೆಯಿಲ್ಲ, ಮಂಜಿಲ್ಲ. ಬಡವನ ಮನೆಯಲ್ಲಿ ಅಡ್ಡ ಬರುವ ಸಾಮಾನೇ ಇರುವುದಿಲ್ಲವಲ್ಲ. ಮುಂದೆ ಅನಿಲಕುಮಾರನ ಗಾಡಿ ಕುರುಡನಂತೆ ತಡವರಿಸುವುದೂ ಸ್ಪಷ್ಟವಾಗಿ ಕಾಣುತ್ತಿತ್ತು.

“ಎಡಕ್ಕ ತಿರುವ್ರಿ, ಈಗ ಬಲಕ್ಕ!” ಎಂದ ಬೀರಣ್ಣ. ಅವನಿಗೆ ಅದು ಇನ್ನೂ ತನ್ನೂರ ರಸ್ತೆಯೇ. “ಇಲ್ಲಿ ಹಳ್ಳ ಬರ್ತದ, ನಿಧಾನ!”

ಹಳ್ಳ ಬರಲಿಲ್ಲ, ತಿರುವು ಬಂತು, ನಿಧಾನ ಮಾಡಿದ್ದು ಒಳ್ಳೆಯದೇ ಆಯಿತು. ಎದುರಿಗೆ ಅನಿಲಕುಮಾರನ ಚೆಂದದ ಗಾಡಿ, ಚೆಂದದ ಮಳೆಯಲ್ಲಿ, ಚೆಂದದ ಮಂಜಿನೊಳಗೆ ನೇರವಾಗಿ ಹೋಗಿ ಕಂದಕಕ್ಕೆ ಬಿತ್ತು. ಫೋನಿನಲ್ಲಿ ಹಿರಿಯರು “ಹೋತು, ಹೋತು!” ಎಂದು ಕೂಗಿದರು. ವೈಜಿನಾಥನ ಸಾಬೂನಿನ ಡಬ್ಬಿ ಅದನ್ನು ದಾಟಿ, ಕುಂಟುತ್ತ, ಜಿಗಿಯುತ್ತ ಕೊನೆಯ ಗೆರೆ ಮುಟ್ಟಿತು. ಹೂಮಳೆ ಸುರಿಯಲಿಲ್ಲ, ಅದನ್ನು ಅವನೇ ತೆಗೆದಿದ್ದ. ಬರಿ ಬೂದು ತೆರೆಯ ಮೇಲೆ ‘ಒಂದನೇ ಸ್ಥಾನ’ ಎಂದು ಬಂತು.

“ಮೋಸ!” ಎಂದು ಅನಿಲಕುಮಾರ ಸೋಲೊಪ್ಪದೆ ಕೂಗಾಡಿದ. “ಮಾಮಾ, ನಿಮ್ಮಲ್ಲಿ ಮಂಜು ಬಿದ್ದಿಲ್ಲೇನ್ರಿ?”

“ನನ್ನ ಡಬ್ಬಿಗಿ ಮಂಜು ತೋರಸೋ ತಾಕತ್ತ ಇಲ್ಲಪ್ಪಾ ತಮ್ಮಾ,” ಎಂದ ವೈಜಿನಾಥ. ಜೀವನದಲ್ಲಿ ಮೊದಲ ಸಲ ತನ್ನ ಬಡತನವನ್ನು ಹೆಮ್ಮೆಯಿಂದ ಹೇಳಿಕೊಂಡ. ಹಿರಿಯರು ವಿಚಾರ ಮಾಡಿ, ಮಂಜು ತಂದವನೇ ಮಂಜಿಗೆ ಹೊಣೆ ಎಂದು ತೀರ್ಪು ಕೊಟ್ಟರು.

ಜೈಪಾಲಣ್ಣ ಅಪ್ಪಿಕೊಂಡ. ಬೀರಣ್ಣ ಅಪ್ಪಿಕೊಂಡ, ಅವನ ವಿಭೂತಿ ಇವನಿಗೂ ಇವನದು ಅವನಿಗೂ ಹತ್ತಿತು. ವೈಜಿನಾಥ ಜೋಮು ಹಿಡಿದ ಕಾಲಿನಲ್ಲೇ ಎದ್ದು ನಿಂತು, ಮೀಸೆಯ ಮೇಲಿನ ಬೂದಿ ಜಾಡಿಸಿ, ಎರಡೂ ತುದಿ ಹುರಿ ಮಾಡಿದ. ಅಷ್ಟು ಚೆಂದದ ಮೀಸೆ ಅವನಿಗೆ ಹಿಂದೆಂದೂ ಕಂಡಿರಲಿಲ್ಲ.

ಈಶಮ್ಮ ಓಡಿ ಬಂದಳು. ಮಗನ ಮುಖ ಸವರಿ ನೆಟಿಕೆ ಮುರಿದಳು. ಕಣ್ಣಲ್ಲಿ ನೀರು, ಕೈಯಲ್ಲಿ ಅದೇ ಅರಿಸಿಣದ ಗಂಟು.

“ನಾ ಹೇಳಲಿಲ್ಲೇನು, ದೇವ್ರು ಕೈ ಬಿಡಲ್ಲ ಅಂತ? ನಾಳಿ ಸೋಮವಾರ. ಮನಿದೇವ್ರಿಗಿ ಹೋಗಿ ಹರಕಿ ಮುಟ್ಟಸಬೇಕು.”

“ಹೋಗೋಣ ಯವ್ವಾ, ಎಲ್ಲಾರೂ ಹೋಗೋಣ! ಎಷ್ಟು ಕಾಯಿ ಒಡಸ್ತಿ ಹೇಳು, ಚೀಲ ತುಂಬ ತರ್ತೀನಿ.”

“ಕಾಯಿ ಅಲ್ಲೋ. ಕಾಯಿ ಎಲ್ಲಾರೂ ಒಡಸ್ತಾರ,” ಎಂದಳು ಈಶಮ್ಮ ಅಭಿಮಾನದಿಂದ. “ನನ್ನ ಮಗ ಗೆದ್ರ ಅವನ ಮೀಸಿ ನಿನಗ ಒಪ್ಪಸ್ತೀನಿ ಅಂತ ಬೇಡಿಕೊಂಡೀನಿ.”

ವೈಜಿನಾಥನ ಬೆರಳು ಮೀಸೆಯ ತುದಿಯಲ್ಲೇ ನಿಂತವು.

“ಯವ್ವಾ... ಅದನ್ನ ಉಳಸಾಕಂತಲೇ ನಾ ಮುಂಜಾನಿಂದ ಸಾಯ್ಲಕತ್ತಿದ್ದೆ.”

“ನನಗೇನು ಗೊತ್ತು? ನೀ ಹೇಳೀಯೇನು?” ಎಂದಳು ಈಶಮ್ಮ. “ಹೇಳಿದ್ರ ಬ್ಯಾರೆ ಏನರ ಬೇಡಿಕೊಳ್ತಿದ್ದೆ. ಈಗ ಮಾತು ಕೊಟ್ಟದ್ದಾತು.”

ವೈಜಿನಾಥ ಸಹಾಯಕ್ಕೆ ಸುತ್ತ ನೋಡಿದ. ಬೀರಣ್ಣ ಕೈ ಮುಗಿದ. “ದೇವ್ರ ಹರಕಿ ತಪ್ಪಸಬಾರದ್ರಿ. ಕೊಟ್ಟುಬಿಡ್ರಿ.” ಜೈಪಾಲಣ್ಣ ಪೇಪರಿನಲ್ಲಿ ಮುಖ ಮುಚ್ಚಿಕೊಂಡ, ಪೇಪರು ನಡುಗುತ್ತಿತ್ತು. ದಶರಥ ಚೀಲ ಕಟ್ಟಿಕೊಳ್ಳುವ ನೆಪದಲ್ಲಿ ಬಾಗಿಲ ಕಡೆ ತಿರುಗಿದ. ಫೋನು ಇನ್ನೂ ಇಟ್ಟಿರಲಿಲ್ಲ. ಅದರೊಳಗಿನಿಂದ ಖೇಡದ ಇಡೀ ಪಂಕ್ತಿಯ ನಗು ಬರುತ್ತಿತ್ತು.

“ಮಾಮಾ,” ಎಂದ ಅನಿಲಕುಮಾರ ಉಸಿರು ಹಿಡಿದುಕೊಂಡು, “ನಾನೂ ನಾಳಿ ಅಲ್ಲಿಗೇ ಬರ್ತೀನ್ರಿ. ಬೋಳಸಾಕ ಜೋಡೀಲೇ ಕೂಡೋಣು. ಮದಲ ನಿಮ್ದು ಆಗಲಿ, ಗೆದ್ದವರು ನೀವು.”

“ಅಲ್ಲ ಯವ್ವಾ,” ಎಂದ ವೈಜಿನಾಥ ದೀನನಾಗಿ, “ಇಷ್ಟು ದಿನ ಕಾಯಿ, ಕರ್ಪೂರ ಅಂತಿದ್ದಿ. ಮೀಸಿ ನಿನಗ ಹ್ಯಾಂಗ ಹೊಳೀತು?”

“ನಾ ಐದು ಕಾಯಿ ಅಂತಲೇ ಅಂದಿದ್ದೆ. ತಾರಾನೇ ಅಂದಳು, ಐದು ಕಾಯಿಗಿ ಇಂಥಾ ಡಬ್ಬಿ ಗೆಲ್ಲಲ್ಲ ಅತ್ತಿ, ದೊಡ್ಡದೇನರ ಕೊಡ್ರಿ ಅಂತ. ಭಾಳ ಶಾಣ್ಯಾ ಇದ್ದಾಳ ನನ್ನ ಸೊಸಿ.”

ಶಾಣ್ಯಾ ಸೊಸೆ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಬೆಳಗಿನ ಬ್ಲೇಡಿನ ಪೊಟ್ಟಣ. ಗೆದ್ದರೂ ಸೋತರೂ ಅದು ದಂಡವಾಗುವಂತಿರಲಿಲ್ಲ.

“ತಾರಾ, ನನ್ನ ಮೀಸಿ ನಿನಗೇನು ಮಾಡಿತ್ತು?” ಎಂದ ಅವನು. ಸಿಟ್ಟು ಬರಬೇಕಿತ್ತು, ದನಿ ಅಳುವ ಹಾಗೆ ಬಂತು.

“ಏನೂ ಮಾಡಿಲ್ರಿ,” ಎಂದಳು ತಾರಾಬಾಯಿ. ಮುಖ ಕೆಂಪಾಗಿತ್ತು, ನಗುವೋ ನಾಚಿಕೆಯೋ ತಿಳಿಯಲಿಲ್ಲ. “ಲಗ್ನದಾಗ ಅಂತರಪಟ ಸರಿಸಿದಾಗ ಮದಲ ಕಂಡದ್ದು ಅದೇ. ಆವತ್ತಿಂದ ಅದನ್ನೇ ನೋಡ್ಲಕತ್ತೀನಿ. ಹಿಂದ ನಿಮ್ಮ ಮಾರಿ ಹ್ಯಾಂಗದ ಅಂತ ಒಮ್ಮಿ ನೋಡಬೇಕಾಗಿತ್ತು.”

ಪಾಪ, ವೈಜಿನಾಥನಿಗೂ ನೆನಪಿರಲಿಲ್ಲ, ಹಿಂದೆ ಏನಿದೆ ಎಂದು. ಅವನು ಒಡೆದ ಫರಸಿಯ ಮೇಲೆ ಮೆಲ್ಲಗೆ ಕೂತ. ಅದು ನಿಜಕ್ಕೂ ತಂಪಾಗಿತ್ತು.

“ಅಣ್ಣೋರ, ಹೋಗಲಿ ಬಿಡ್ರಿ,” ಎಂದ ದಶರಥ, ಸಮಾಧಾನಕ್ಕೆ. “ಡಬ್ಬಿ ಆದ್ರೂ ಸುಧಾರಿಸ್ತಲ್ಲ. ಇನ್ನ ಆರಾಮ ಆಡಬಹುದು.”

“ಹೌದಲ್ಲ! ಮರತೇಬಿಟ್ಟಿದ್ದೆ,” ಎಂದಳು ಈಶಮ್ಮ. ಒಳಗೆ ಹೋಗಿ ವಿಭೂತಿಯ ಬಟ್ಟಲು ತಂದಳು. ಗೆದ್ದ ಡಬ್ಬಿಯಲ್ಲವೇ, ಮೂರು ಬೆರಳು ಬುಡದ ತನಕ ಅದ್ದಿದಳು. ಸಣ್ಣ ಸಣ್ಣ ತೂತಿರುವ ಜಾಗ ಹುಡುಕಿ, ಅಡ್ಡಕ್ಕೆ ಮೂರು ದಪ್ಪ ಪಟ್ಟೆ ಎಳೆದು, ಕಣ್ಣು ಮುಚ್ಚಿ ಕೈ ಮುಗಿದಳು. ಒಳಗೆ ಫ್ಯಾನು ಒಮ್ಮೆ ಕೆಮ್ಮಿ, ಎಂದಿನ ಹಾಗೆ ಹೂಂ ಹೂಂ ಎನ್ನತೊಡಗಿತು.